ಹಿಂದಿನ ಸೀಟಿನ ಭಾರ

ಕೊರೊನಾ ಕಳೆದು ಸಂತೆಗಳು ಮತ್ತೆ ತುಂಬತೊಡಗಿದ್ದ ವರ್ಷ. ಹಾಸನದ ಬೈಕ್ ಶೋರೂಮೊಂದರ ಸರ್ವೀಸ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದು ಸೂಪರ್‌ವೈಸರ್ ಆಗಿದ್ದ ನಾನು, ಕೈಗೆ ಗ್ರೀಸ್ ಅಂಟದ ಆ ಕೆಲಸ ಬೇಸರವಾಗಿ ಹೊಳೆನರಸೀಪುರದಲ್ಲಿ ಸ್ವಂತ ಗ್ಯಾರೇಜ್ ಹಾಕಿಕೊಂಡಿದ್ದೆ. ಗ್ಯಾರೇಜಿನ ಹಿಂದಿನ ಕೋಣೆಯಲ್ಲೇ ಅಡುಗೆ, ಊಟ, ನಿದ್ದೆ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ "ಪಾರ್ಟ್ಸ್ ಸಿಗಲಿಲ್ಲ" ಎಂದು ನಗಿಸಿ ಕಳಿಸುತ್ತಿದ್ದೆ. ಹನ್ನೊಂದು ವರ್ಷ ಹಳೆಯ ನನ್ನ ಬೈಕಿನ ಹಿಂದಿನ ಸೀಟು ಮಾತ್ರ ಇವತ್ತಿಗೂ ಶೋರೂಮಿನಿಂದ ತಂದ ದಿನದಂತೆಯೇ ಇದೆ.

ಕಥೆಗೆ ಮೊದಲು ಬ್ರೇಕಿನ ವಿಷಯ ಎರಡು ಮಾತು ಹೇಳಬೇಕು. ನಮ್ಮ ಕಡೆ ಮುಂದಿನ ಬ್ರೇಕೆಂದರೆ ಜನರಿಗೆ ಹಾವು ಕಂಡಷ್ಟು ಭಯ. ಹಿಡಿದರೆ ಪಲ್ಟಿ ಹೊಡೆಯುತ್ತದೆ ಎಂಬ ನಂಬಿಕೆ. "ಮುಂದಿಂದು ಒಸಿ ಲೂಸ್ ಮಾಡ್ಕೊಡಿ" ಎಂದು ಕೇಳಿಕೊಂಡು ಬರುವವರೇ ಇದ್ದಾರೆ. ನಿಜ ಇದಕ್ಕೆ ಉಲ್ಟಾ. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಹಗುರವಾದ ಚಕ್ರವನ್ನು ಜೋರಾಗಿ ಹಿಡಿದರೆ ಅದು ತಿರುಗುವುದನ್ನು ನಿಲ್ಲಿಸಿ ಜಾರುತ್ತದೆ. ಗಾಡಿಯನ್ನು ನಿಜವಾಗಿ ನಿಲ್ಲಿಸುವುದು ಮುಂದಿನ ಬ್ರೇಕೇ. ಇದನ್ನು ಎಷ್ಟು ಜನಕ್ಕೆ ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ.

ಆ ವರ್ಷದ ಮುಂಗಾರಿನಲ್ಲಿ ಚನ್ನಬಸಪ್ಪ ಎಂಬವರು ಬಂದರು. ಐವತ್ತೈದರ ಆಸುಪಾಸಿನ ಮನುಷ್ಯ. ಅರಕಲಗೂಡು, ಚನ್ನರಾಯಪಟ್ಟಣ, ಶ್ರವಣಬೆಳಗೊಳ ಎಂದು ಸಂತೆಯಿಂದ ಸಂತೆಗೆ ರವಿಕೆ ಬಟ್ಟೆ, ಲಂಗ, ನೈಟಿ ಮಾರುವ ವ್ಯಾಪಾರಿ. ಗಾಡಿ ಒಂದು ಸಾಧಾರಣ ನೂರು ಸಿಸಿ ಬೈಕು, ಹಿಂದೆ ಮುಂದೆ ಎರಡೂ ಕಡೆ ಡ್ರಮ್ ಬ್ರೇಕು. ಬಟ್ಟೆಯ ಗಂಟನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕಟ್ಟಿಕೊಂಡಿದ್ದರು.

"ಇಂದ್ಲ ಬ್ರೇಕು ನಿಲ್ತಾ ಇಲ್ಲ ಮೇಸ್ತ್ರಿ, ಜಾರ್ತದೆ" ಎಂದರು. "ಎಲ್ಡು ಸಲ ಬಿದ್ದೆ. ಇನ್ನೊಂದ್ಸಲ ಬಿದ್ರೆ ಗಾಡಿ ಮಾರ್ಬುಟ್ಟು ಬತ್ತೀನಿ ಅಂತ ತಮ್ಮಂಗೆ ಮಾತು ಕೊಟ್ಟಿವ್ನಿ."

ತಮ್ಮನಿಗೆ ಸಾಲಗಾಮೆಯಲ್ಲಿ ದಿನಸಿ ಅಂಗಡಿ. ಅಲ್ಲಿ ಬಂದು ಗಲ್ಲಾದ ಮುಂದೆ ಕೂತುಕೋ ಎಂದು ಅವನ ಒತ್ತಾಯ. ಒಳ್ಳೆಯದೇ ಅಲ್ಲವೇ ಎಂದೆ. ಚನ್ನಬಸಪ್ಪನವರ ಮುಖ ಸಣ್ಣದಾಯಿತು. "ಸಂತೇಲಿ ನಾಕು ಜನ ಮಾತಾಡುಸ್ತಾರೆ. ಅಲ್ಲಿ ನಾನ್ಯಾರು ಅಂತ ಯಾರಿಗ್ಗೊತ್ತು?" ಎಂದರು.

ನಾನು ಹಿಂದಿನ ಬ್ರೇಕ್ ಬಿಚ್ಚಿ ನೋಡಿದೆ. ಡ್ರಮ್ಮಿನ ಒಳಗಿಂದ ಒತ್ತಿ ಚಕ್ರ ಹಿಡಿಯುವ ಬ್ರೇಕ್ ಶೂ ಸವೆದಿತ್ತು. ಹೊಸದು ಹಾಕಿ ಕಳಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಮುಂದಿನ ವಾರವೇ ಮೊಣಕೈಗೆ ಬಟ್ಟೆ ಸುತ್ತಿಕೊಂಡು ವಾಪಸ್ ಬಂದರು. ಅರಕಲಗೂಡು ರಸ್ತೆಯ ಇಳಿಜಾರಿನಲ್ಲಿ, ಜಿಟಿಜಿಟಿ ಮಳೆಯಲ್ಲಿ ಹಿಂದಿನ ಚಕ್ರ ಅಡ್ಡಡ್ಡ ಜಾರಿ ಗಾಡಿ ಉರುಳಿತ್ತು. ಎದುರಿಗೆ ಬರುತ್ತಿದ್ದ ಬಸ್ಸಿನ ಡ್ರೈವರ್ ಪುಣ್ಯಾತ್ಮ, ಬಸ್ಸನ್ನು ಮಣ್ಣಿಗೆ ಇಳಿಸಿ ಇವರನ್ನು ಉಳಿಸಿದ್ದ. ಇವರು ಈ ಸಲ ಬಿದ್ದದ್ದನ್ನು ತಮ್ಮನಿಗೆ ಹೇಳಿರಲಿಲ್ಲ.

ಈಗ ನನಗೇ ಹಟ ಹುಟ್ಟಿತು. "ನಡೀರಣ್ಣ, ನೀವು ಓಡಿಸೋದನ್ನ ನೋಡೋಣ" ಎಂದು ಕಾಲುವೆ ಏರಿಯ ಖಾಲಿ ರಸ್ತೆಗೆ ಕರೆದುಕೊಂಡು ಹೋದೆ. ಅವರು ಒಬ್ಬರೇ ಒಂದು ಸುತ್ತು ಬಂದು ಬ್ರೇಕ್ ಒತ್ತಿದರು. ಹಿಂದಿನ ಚಕ್ರ ಕಿರ್ರೆಂದು ಜಾರಿತು. ಕೂತು ನೋಡಿದರೆ ಗೊತ್ತಾದೀತೆಂದು ನಾನು ಹಿಂದೆ ಹತ್ತಲು ಹೋದೆ. ಅವರು ಎಡಗಾಲಿನಿಂದ ತಟ್ಟಿ ಹಿಂದಿನ ಸವಾರರ ಫುಟ್‌ರೆಸ್ಟ್ ಬಿಡಿಸಿದರು, ನೋಡದೆಯೇ. ಸೀರೆ ಉಟ್ಟವರು ಒಂದೇ ಪಕ್ಕಕ್ಕೆ ಕೂತಾಗ ಪಾದ ಇಡುವ ಪಟ್ಟಿ ಅದು. ರಬ್ಬರ್ ಪೂರ್ತಿ ಸವೆದಿತ್ತು. ಆಚೆ ಬದಿಯ ಫುಟ್‌ರೆಸ್ಟ್ ಹೊಸದರಂತಿತ್ತು.

ಈ ಸಲ ಅದೇ ಜಾಗದಲ್ಲಿ, ಅದೇ ವೇಗದಲ್ಲಿ ಬ್ರೇಕ್ ಒತ್ತಿದರು. ಗಾಡಿ ಒಂಚೂರೂ ಜಾರದೆ ನಿಂತಿತು.

"ನೋಡಿ, ಈಗ ಚೆನ್ನಾಗಿ ನಿಲ್ತಲ್ಲ!" ಎಂದೆ.

"ನೀವು ಕೂತಿದ್ರಲ್ಲ ಮೇಸ್ತ್ರಿ" ಎಂದರು, ತಿರುಗದೆ.

ಆಗ ತಲೆಗೆ ಹೊಳೆಯಿತು. ಬ್ರೇಕಿನಲ್ಲಿ ದೋಷವೇ ಇರಲಿಲ್ಲ. ಹಿಂದೆ ಒಬ್ಬರು ಕೂತಾಗ ಆ ಭಾರಕ್ಕೆ ಹಿಂದಿನ ಚಕ್ರ ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ. ಇಷ್ಟು ವರ್ಷ ಹಿಂದಿನ ಬ್ರೇಕೊಂದರಲ್ಲೇ ಇವರ ಬದುಕು ಸಾಗಿದ್ದು ಆ ಸವೆದ ಫುಟ್‌ರೆಸ್ಟಿನ ಮೇಲೆ ಪಾದ ಇಟ್ಟು ಕೂರುತ್ತಿದ್ದವರ ಭಾರದಿಂದ. ಈಗ ಭಾರ ಇರಲಿಲ್ಲ. ಸಾಲದ್ದಕ್ಕೆ ಗಂಟು ಬೇರೆ ಮುಂದೆ.

"ಇಷ್ಟೇನಾ! ಗಂಟು ತಗೊಂಡು ಹಿಂದೆ ಕಟ್ಟಿ" ಎಂದೆ.

"ಅಲ್ಲಿ ಬ್ಯಾಡಿ. ಅವ್ಳು ಕೂರೋ ಜಾಗ ಅದು."

ಕಾಲುವೆಯ ಕಟ್ಟೆಯ ಮೇಲೆ ಕೂತು ಹೇಳಿದರು. ಹೆಂಡತಿ ರತ್ನಮ್ಮ ಕಾಮಾಲೆಯಾಗಿ ಹಿಂದಿನ ವರ್ಷ ತೀರಿಕೊಂಡಿದ್ದರು. ಮಕ್ಕಳಿಲ್ಲ. ಇಬ್ಬರೂ ಒಟ್ಟಿಗೇ ಸಂತೆ ಮಾಡುತ್ತಿದ್ದರು. ಒಂದು ಗಂಟು ಟ್ಯಾಂಕಿನ ಮೇಲೆ, ಇನ್ನೊಂದು ಆಕೆಯ ಮಡಿಲಲ್ಲಿ. ಇವರದು ಓಡಿಸುವ ಕೆಲಸ. ಯಾವ ಸೀರೆಗೆ ಯಾವ ರವಿಕೆ ಎಂದು ಹೊಂದಿಸಿ ಮಾರುವುದು ಆಕೆ. ಈಗಲೂ ಹೆಂಗಸರು ಬಂದು "ರತ್ನಕ್ಕ ಬರ್ನಿಲ್ವಾ?" ಎಂದು ಕೇಳುತ್ತಾರಂತೆ. ಗೊತ್ತಿಲ್ಲದವರಿಗೆ ಇವರು "ಊರಿಗೆ ಓಗವ್ಳೆ" ಎಂದುಬಿಡುತ್ತಾರಂತೆ. ಸಾಲಗಾಮೆಯ ಅಂಗಡಿಯಲ್ಲಿ ಹಾಗೆ ಕೇಳುವವರು ಒಬ್ಬರೂ ಇಲ್ಲ. ಗಾಡಿ ಯಾಕೆ ಬೇಕೆಂದು ನನಗೆ ಆಗ ಅರ್ಥವಾಯಿತು.

ಹಾಗಾದರೆ ಮುಂದಿನ ಬ್ರೇಕನ್ನು ಬಳಸಲೇಬೇಕು ಎಂದೆ. ಅದರ ಲಿವರ್ ತುಕ್ಕು ಹಿಡಿದಿತ್ತು, ಕೇಬಲ್ ಜೋತುಬಿದ್ದಿತ್ತು. ಸರಿಮಾಡಲು ಅರ್ಧ ಗಂಟೆ ಸಾಕು. ಆದರೆ ಅವರು ಬೇಡವೆಂದು ತಲೆಯಾಡಿಸಿದರು. ಮದುವೆಯಾದ ಹೊಸತರಲ್ಲಿ ಶ್ರವಣಬೆಳಗೊಳದ ಹತ್ತಿರ ಮರಳಿನ ಮೇಲೆ ಮುಂದಿನ ಬ್ರೇಕ್ ಹಿಡಿದು ಇಬ್ಬರೂ ಬಿದ್ದಿದ್ದರಂತೆ.

"ಅವತ್ತೇ ತಲೆ ಮುಟ್ಟಿಸ್ಕಂಡು ಆಣೆ ಆಕುಸ್ಕಂಡ್ಳು, ಈ ಬ್ರೇಕ್ ಮುಟ್ಟಾಕಿಲ್ಲ ಅಂತ. ಎಲ್ಡು ಗಾಡಿ ಬದಲಾದ್ರೂವೆ ಮುಟ್ನಿಲ್ಲ. ಈಗ ಅವ್ಳಿಲ್ಲ ಅಂತ ಮುಟ್ಲಾ?"

ನೀರು ನೋಡುತ್ತಾ ಕೂತಿದ್ದವನಿಗೆ ಒಂದು ದಾರಿ ಕಂಡಿತು.

"ಅಣ್ಣ, ಆಣೆ ಹಾಕಿಸಿಕೊಂಡದ್ದು ಡ್ರಮ್ ಬ್ರೇಕಿಗೆ. ಆಗ ಡಿಸ್ಕ್ ಬ್ರೇಕು ಅವರು ಕಂಡೇ ಇರಲಿಲ್ಲ. ಅದಕ್ಕೆ ಹ್ಯಾಗೆ ಆಣೆ ಹಾಕಿಸ್ತಾರೆ?"

ಅವರು ನನ್ನ ಮುಖವನ್ನೇ ನೋಡಿದರು. ತಮಾಷೆ ಮಾಡುತ್ತಿದ್ದೇನೆಯೇ ಎಂದು ತೂಗಿ ನೋಡುವಂತಿತ್ತು. ಎದ್ದು ಹೋದರು. ಎರಡು ದಿನ ಬಿಟ್ಟು ಬಂದು "ಆಕ್ಬುಡಿ" ಎಂದರು. ಯಾರನ್ನು ಕೇಳಿಕೊಂಡು ಬಂದರೆಂದು ನಾನು ವಿಚಾರಿಸಲಿಲ್ಲ.

ಡ್ರಮ್ ತೆಗೆದು ಡಿಸ್ಕ್ ಹಾಕುವುದೆಂದರೆ ಒಂದು ತಟ್ಟೆ ಬಿಚ್ಚಿ ಇನ್ನೊಂದು ಕೂರಿಸಿದಂತಲ್ಲ. ಅದೇ ಮಾಡೆಲಿನ ಡಿಸ್ಕ್ ಗಾಡಿಯ ಪಾರ್ಟ್ಸೇ ಬೇಕು. ಫೋರ್ಕ್, ಅಂದರೆ ಮುಂಚಕ್ರ ಹಿಡಿದ ಎರಡು ಕಾಲು, ಚಕ್ರ, ಡಿಸ್ಕನ್ನು ಎರಡು ಕಡೆಯಿಂದ ಅಮುಕುವ ಕ್ಯಾಲಿಪರ್, ಹ್ಯಾಂಡಲಿನ ಮೇಲೆ ಆಯಿಲ್ ತುಂಬಿದ ಮಾಸ್ಟರ್ ಸಿಲಿಂಡರ್. ಹಾಸನದಲ್ಲಿ ನನ್ನ ಹಳೆಯ ಪರಿಚಯದ ಅಂಗಡಿಗಳನ್ನೆಲ್ಲ ಸುತ್ತಿ ಹೊಂದಿಸಿದೆ. ಕೊನೆಯ ಕೆಲಸ ಬ್ಲೀಡಿಂಗ್, ಅಂದರೆ ಆಯಿಲ್ ಪೈಪಿನ ಗಾಳಿ ತೆಗೆಯುವುದು. ಪೈಪಿನೊಳಗೆ ಒಂದು ಗಾಳಿಗುಳ್ಳೆ ಉಳಿದರೂ ಲಿವರ್ ಸ್ಪಂಜಿನಂತೆ ಮೆತ್ತಗಾಗುತ್ತದೆ. ಲಿವರ್ ಒತ್ತಿ ಹಿಡಿಯಲು ಒಬ್ಬರು, ಕೆಳಗೆ ಗಾಳಿ ಹೊರಬಿಡುವ ನಿಪ್ಪಲ್ ಬಿಡಿಸಲು ಒಬ್ಬರು ಇದ್ದರೆ ಸಲೀಸು. ಸದಾ ಒಬ್ಬನೇ ಕೈ ಚಾಚಿ ಹೆಣಗುತ್ತಿದ್ದ ಕೆಲಸ. ಅಂದು ಚನ್ನಬಸಪ್ಪನವರು ಲಿವರ್ ಹಿಡಿದು ನಿಂತರು. "ಒತ್ತಿ", "ಬಿಡಿ" ಎನ್ನುತ್ತಾ ಗುಳ್ಳೆ ಬರುವುದು ನಿಂತ ಮೇಲೂ ನಾನು ಇನ್ನೂ ಐದಾರು ಸಲ ಒತ್ತಿಸಿದೆ. ಜೊತೆಗೊಬ್ಬರಿರುವುದು ಹಿತವಾಗಿತ್ತು.

ಬಿಚ್ಚಿದ ಹಳೆಯ ಡ್ರಮ್ ಬ್ರೇಕಿನ ಪ್ಲೇಟನ್ನು ಗುಜರಿ ಡಬ್ಬಿಗೆ ಎಸೆಯಲು ಹೋದಾಗ ಅವರು ಕೈ ಹಿಡಿದರು. "ಇಂಗ್ ಕೊಡಿ. ಆಣೆ ಅದ್ರಾಗದೆ." ಒಂದು ರವಿಕೆ ಬಟ್ಟೆಯಲ್ಲಿ ಸುತ್ತಿ ಮನೆಗೆ ಒಯ್ದರು.

ಕಾಲುವೆ ರಸ್ತೆಯಲ್ಲಿ ಮೂರು ಸಂಜೆ ಕಲಿಸಿದೆ. ಎರಡು ಬೆರಳು ಸಾಕು, ಹಿಂಡಬೇಡಿ, ಮೆಲ್ಲಗೆ ಅಮುಕಿ, ತಿರುವಿನಲ್ಲಿ ಮರಳಿದ್ದರೆ ಮುಟ್ಟಬೇಡಿ. ಮೊದಲ ದಿನ ಬೆರಳು ಲಿವರಿನ ಹತ್ತಿರ ಹೋಗಿ ಹಾಗೇ ವಾಪಸಾಗುತ್ತಿದ್ದವು. ಮೂರನೆಯ ದಿನ ಗಾಡಿ ನೆಟ್ಟಗೆ ನಿಂತಿತು.

ಆಮೇಲೆ ಬಹಳ ದಿನ ಬರಲಿಲ್ಲ. ಬಿದ್ದರೋ, ಗಾಡಿ ಮಾರಿದರೋ ಎಂದು ಒಳಗೇ ಕೊರೆಯುತ್ತಿತ್ತು. ದೀಪಾವಳಿ ಹತ್ತಿರ ಬಂದಾಗ ಬಂದರು. ಗಂಟು ಟ್ಯಾಂಕಿನ ಮೇಲೇ ಇತ್ತು, ಹಿಂದಿನ ಸೀಟು ಖಾಲಿ.

"ಜಿನನಾಥಪುರದ ತಿರುವಿನಾಗೆ ಕರು ಅಡ್ಡ ಬಂದ್ಬುಡ್ತು. ಇಡ್ದೆ ನೋಡಿ, ಗಾಡಿ ಗೂಟ ಬಡ್ದಂಗೆ ನಿಂತ್ಕತು" ಎಂದರು. ನಾನು ಹಿಗ್ಗಿ ಇನ್ನೇನೋ ಕೇಳಬೇಕೆನ್ನುವಷ್ಟರಲ್ಲಿ ಅವರು ನೆಲ ನೋಡುತ್ತಾ ಹೇಳಿದರು: "ನಿಂತೇಟ್ಗೆ ಇಂದಕ್ಕೆ ತಿರುಗಿ, ಎದ್ರಿಕಂಡ್ಯೇನಮ್ಮೀ ಅಂದ್ಬುಟ್ಟೆ."

ಇಬ್ಬರೂ ಟೀ ಕುಡಿದೆವು. ಅವರು ಹೊರಟರು. ಫುಟ್‌ರೆಸ್ಟ್ ಬಿಡಿಸಿಕೊಂಡೇ ಹೊರಟರು. ಸುಳ್ಳೇಕೆ, ನನಗೆ ಅವರ ಮೇಲೆ ಹೊಟ್ಟೆಕಿಚ್ಚಾಯಿತು. ನನ್ನ ಗಾಡಿ ಎಷ್ಟು ಗಕ್ಕನೆ ನಿಂತರೂ ಹಾಗೆ ಹಿಂತಿರುಗಿ ಕೇಳಲು ಒಂದು ಹೆಸರಿಲ್ಲ.

ಅಂದಿನಿಂದ ಬ್ರೇಕ್ ಸರಿಯಿಲ್ಲ ಎಂದು ಯಾರೇ ಬರಲಿ, ಸ್ಪ್ಯಾನರ್ ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: "ಹಿಂದೆ ಯಾರು ಕೂರ್ತಾರೆ?" ಹೆಂಡತಿ, ಮಗಳು, ಸ್ನೇಹಿತ ಎಂದು ಹೇಳುತ್ತಾರೆ. ಕೆಲವರು ಹಿಂದಿನ ಸೀಟಿನತ್ತ ನೋಡಿ "ಯಾರೂ ಇಲ್ಲ" ಎನ್ನುತ್ತಾರೆ. ಅಂಥವರ ಮುಂದಿನ ಬ್ರೇಕನ್ನು ಎರಡು ಸಲ ನೋಡಿ ಕಳಿಸುತ್ತೇನೆ.