ಸತ್ತವರನ್ನು ಬೈಯುವ ಹಾಡು

ತಾರ್ನಾಕದ ಗಿರಣಿಯಿಂದ ಬಿಸಿ ಜೋಳದ ಹಿಟ್ಟು ತಂದು ಡಬ್ಬಿಗೆ ಸುರಿಯುವಾಗ ಏಳುವ ವಾಸನೆಗೆ ನನಗೆ ಮೊದಲು ಬರುವುದು ಸಿಟ್ಟು, ಆಮೇಲೆ ಅಜ್ಜಿಯ ನೆನಪು. ನಾರಾಯಣಗೂಡದ ನಮ್ಮ ಹಳೆಯ ಬಾಡಿಗೆ ಮನೆಯ ಎದುರಿಗೇ ಗಿರಣಿ ಇತ್ತು. ಅಜ್ಜಿ ಮಾತ್ರ ರಾಯಚೂರು ಕಡೆಯಿಂದ ಹೊತ್ತು ತಂದ ಬೀಸುಕಲ್ಲನ್ನು ಮಹಡಿಯ ಮೇಲೆ ಹೂಡಿಕೊಂಡು, ಬೆಳಕು ಹರಿಯುತ್ತಲೇ ಗರಗರ ಶುರು ಮಾಡುತ್ತಿದ್ದಳು. ಕೆಳಗಿನ ಮನೆಯ ತೆಲುಗು ಅಮ್ಮ ನಿದ್ದೆಗೆಟ್ಟು ಎಷ್ಟು ಸಲ ಮೇಲೆ ಬಂದರೋ. "ಗಿರಣಿ ಹಿಟ್ಟಿಗೆ ಪದಾ ಹಾಡಾಕ ಬರ್ತದೇನು?" ಎಂಬುದೊಂದೇ ಅಜ್ಜಿಯ ಉತ್ತರ. ಆ ಮನೆ ಈಗಿಲ್ಲ, ಅಲ್ಲಿ ಕೋಚಿಂಗ್ ಸೆಂಟರು ಎದ್ದಿದೆ.

ನಿಮ್ಮ ಮನೆಗಳಲ್ಲೂ ಬೀಸುವಾಗ ತೀರಿಕೊಂಡವರನ್ನು ನೆನೆದು ಹಾಡಿರಬಹುದು. ಆದರೆ ನಮ್ಮ ಅಜ್ಜಿ ಅವರನ್ನು ಬೈಯುತ್ತಿದ್ದಳು. ಒಬ್ಬೊಬ್ಬರಿಗೂ ಒಂದೊಂದು ನುಡಿ. ಅಜ್ಜನಿಗೆ, "ಕೊಡಿ ಮರತು ಹೋದಿರಿ, ಮಳಿ ಬಂದರ ಏನ ಮಾಡ್ತೀರಿ." ಹದಿನಾರಕ್ಕೆ ಜ್ವರದಲ್ಲಿ ಹೋದ ಹಿರಿಮಗಳಿಗೆ, "ಅರ್ಧ ಜಡಿಯಾಗ ಎದ್ದು ಹ್ವಾದಿ, ಉಳಿದರ್ಧ ಯಾರು ಹೆಣೀತಾರ." ಅಜ್ಜಿಯ ಕಣ್ಣಲ್ಲಿ ನೀರು ಕಂಡವರಿಲ್ಲ. ಬೀಸಿದಷ್ಟು ಹೊತ್ತೂ ಹುಬ್ಬು ಗಂಟಿಕ್ಕಿಕೊಂಡೇ ಇರುತ್ತಿದ್ದಳು.

ಎಂಟು ವರ್ಷದ ನಾನು ಕಲಿಸು ಎಂದು ಗಂಟು ಬಿದ್ದೆ. "ನಿನ್ನ ಮಂದಿ ಎಲ್ಲಾ ಗಟ್ಟಿ ಅದಾರ. ಯಾರನ್ನ ಹಾಡ್ತಿ? ಹೋಗು," ಎಂದು ಓಡಿಸಿದಳು. ಒಂದು ಬೆಳಿಗ್ಗೆ ನಾನೇ ಕಲ್ಲಿನ ಮುಂದೆ ಕುಳಿತು, ಕೆಲಸದ ಮೇಲೆ ನಿಜಾಮಾಬಾದಿಗೆ ಹೋಗಿದ್ದ ಅಪ್ಪನಿಗೆ ನುಡಿ ಕಟ್ಟಿದೆ: "ಬಿಸ್ಕೀಟು ತರ್ತೀನಂತ ಹ್ವಾದಿ ಅಪ್ಪಾ, ಎಲ್ಲಿ ಕುಂತಿ." ಬದುಕಿದವರನ್ನು ಆ ಹಾಡಿಗೆ ಸೇರಿಸಬಾರದು. ಅಜ್ಜಿ ಓಡಿ ಬಂದು ನನ್ನ ಬಾಯಿ ತೊಳೆಸಿ, ದೇವರ ಮುಂದೆ ಕೂಡಿಸಿ, ಅಪ್ಪ ಬರುವ ತನಕ ಒಲೆ ಹಚ್ಚಲಿಲ್ಲ. ಸಂಜೆ ಬಂದ ಅಪ್ಪ ನಕ್ಕು, "ಅವ್ವಾ, ಜೀವಂತ ಅದೀನಿ, ರೊಟ್ಟಿ ಬಡಿ," ಎಂದ. "ಜೀವಂತ ಅದಾನಂತ, ಭಾಳ ದೊಡ್ಡ ಸುದ್ದಿ ತಂದಾನ," ಎಂದು ಗೊಣಗುತ್ತಲೇ ಅಜ್ಜಿ ಹಿಟ್ಟು ಕಲಸಿದಳು.

ಹೋದ ವರ್ಷ, ತೊಂಬತ್ತು ದಾಟಿದ ಮೇಲೆ, ಅಜ್ಜಿ ನಿದ್ದೆಯಲ್ಲೇ ಹೋದಳು. ನರಳಲಿಲ್ಲ, ಅದು ದೇವರ ದಯೆ. ಮೊದಲ ವರ್ಷದ ತಿಥಿಗೆ ಅಪ್ಪನ ತಂಗಿ ಶಾರದತ್ತಿ, ಎಡೆ ಇಡುವ ಮುಂಚೆ ಅವ್ವನ ಪದ ಆಗಲೇಬೇಕು ಎಂದಳು. ಎಲ್ಲರಿಗೂ ನುಡಿ ಇತ್ತು, ಕಟ್ಟಿದವಳಿಗೇ ಇರಲಿಲ್ಲ. ಈ ಸಲ ಇಲ್ಲದಿದ್ದರೆ ಮುಂದೆಯೂ ಇಲ್ಲ, ಹಾಡಿನಲ್ಲಿ ಅವಳಿಗೆ ಜಾಗವೇ ಇರುವುದಿಲ್ಲ ಎಂದು ನನಗೆ ಕಳವಳ. ಎರಡು ದಿನ ಕುಳಿತು ಪುಣ್ಯವಂತಿ, ದೇವತೆ ಎಂದೆಲ್ಲ ಕಟ್ಟಿದೆ. ಒಂದೂ ಧಾಟಿಗೆ ಕೂಡಲಿಲ್ಲ.

"ಇದೇನು, ಸನ್ಮಾನ ಮಾಡಾಕತ್ತೀಯೇನು?" ಎಂದಳು ಅತ್ತಿ. "ಬೈ ಆಕಿನ್ನ."

ಎಡೆಯ ಮುಂದೆ ನಿಂತಾಗ ಬಾಯಿಗೆ ತಾನಾಗಿ ಬಂತು: "ಕಲಿಸಂದರ ಕಲಿಸಲಿಲ್ಲ ಅಜ್ಜಿ, ಈಗ ನಿನ್ನ ಹೆಂಗ ಕರೀಲಿ."

ಎರಡನೇ ಸಲ ಹಾಡುವಾಗ ಅತ್ತಿ ನನ್ನ ಜೊತೆ ದನಿಗೂಡಿಸಿದಳು. ಹಾಡಿ ಮುಗಿದರೂ ನನ್ನ ಸಿಟ್ಟು ಇಳಿಯಲಿಲ್ಲ. ಇಳಿಯದೇ ಇರಲಪ್ಪಾ ಎಂದು ದೇವರಿಗೆ ಕೈ ಮುಗಿದೆ.