ಕಳೆಯ ಜೊತೆ ಹೋಗುತ್ತಿದ್ದ ಬೀಟೆ

ನಮ್ಮ ಕಾಫಿ ತೋಟಗಳಲ್ಲಿ ಕಳೆ ತೆಗೆಯುವಾಗ ಬೀಟೆ ಸಸಿಯನ್ನೂ ಕಿತ್ತೆಸೆಯುವ ರೂಢಿಯಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರೂ ಮಾಡುತ್ತಿದ್ದರು. ಮೊಣಕಾಲೆತ್ತರ ಇರುವ ತನಕ ಬೀಟೆ ಬರೀ ಕಳೆ, ಮರವಾಯಿತೋ, ಸರ್ಕಾರದ್ದು, ನಮ್ಮ ತೋಟದಲ್ಲೇ ಇದ್ದರೂ ನಾವು ಕಡಿದು ಮಾರುವಂತಿಲ್ಲ. ನೆರಳಿಗೆ ಸಿಲ್ವರ್ ಓಕ್ ನೆಟ್ಟರೆ ಆ ತಾಪತ್ರಯವಿಲ್ಲ, ಬೇಕೆಂದಾಗ ಕಡಿದು ಮಾರಬಹುದು. ಬೀಟೆಯಂಥ ಬೆಲೆಬಾಳುವ ಮರವನ್ನು ಕಳೆ ಮಾಡಿಟ್ಟ ಪುಣ್ಯಾತ್ಮರು ಯಾರೋ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ತೊಂಬತ್ತರ ದಶಕದ ಕೊನೆಗೆ ಮೂಡಿಗೆರೆಯಲ್ಲಿ ಬೆಳೆಗಾರರ ಸಭೆಯೊಂದು ನಡೆಯಿತು. ಫಿನ್ಲೆಂಡ್ ನೋಡಿ ಬಂದ ಅಧಿಕಾರಿಯೊಬ್ಬರು ಪರದೆಯ ಮೇಲೆ ಅಲ್ಲಿನ ಕಾಡು ತೋರಿಸಿದರು. ಬೈತಲೆ ತೆಗೆದ ಹಾಗೆ ಸಾಲು ಸಾಲು ಮರ. ನಾವೂ ಹೀಗೇ ಒಂದೇ ಜಾತಿಯ ಮರ ಬೆಳೆಸಬೇಕು, ಆಗಲೇ ಉದ್ಧಾರ ಎಂದರು. ಮುಂದಿನ ಸಾಲಿನ ದೊಡ್ಡ ಪ್ಲಾಂಟರುಗಳು ತಲೆಯಾಡಿಸಿದರು. ಸುಮ್ಮನಿರು ಎಂದು ಗಂಡ ಕಣ್ಣು ಬಿಟ್ಟರೂ ನಾನು ಎದ್ದು ನಿಂತೆ.

“ಆ ಮರ ಯಾರ್ದು ಸಾರ್?”

“ಅಲ್ಲಿನ ರೈತರದ್ದು. ಅಲ್ಲಿ ಎಷ್ಟೋ ಕಾಡು ರೈತ ಕುಟುಂಬಗಳದ್ದೇ ಅಮ್ಮ.”

“ಬೆಳೆಸಿದ್ದನ್ನ ಅವ್ರೇ ಮಾರ್ತಾರಾ?”

“ಹೌದು. ಕಡಿದ ಜಾಗದಲ್ಲಿ ಮತ್ತೆ ಕಾಡು ಬೆಳೆಸ್ಬೇಕು, ಅಷ್ಟೇ.”

“ಹಂಗಿದ್ರೆ ನಾವು ಕಲಿಯೋದು ಅದನ್ನಲ್ವಾ? ಸಾಲು ಹಿಡಿದು ನೆಡೋದು ನಮ್ಗೂ ಬರ್ತದೆ. ನನ್ನ ಬೀಟೆ ನಂದು ಅಂತ ಬರೆದುಕೊಡಿ, ಆಮೇಲೆ ಕಾಡು ಹೆಂಗೆ ಬೆಳೀತದೆ ನೋಡಿ.”

“ಅದು ಬೇರೆ ವಿಷ್ಯ,” ಎಂದು ಅವರು ಮುಂದಿನ ಚಿತ್ರ ಹಾಕಿದರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಬೇರೆ ವಿಷಯವಂತೆ! ಅವಮಾನಕ್ಕಿಂತ ಸಿಟ್ಟೇ ಹೆಚ್ಚಾಗಿ, ಕಾಫಿ ಬಿಸ್ಕತ್ತಿಗೂ ಕಾಯದೆ ಹೊರಟುಬಂದೆ.

ಮರುದಿನ ನಮ್ಮ ತೋಟದ ಕೆಳಗಿನ ಪಟ್ಟಿಯಲ್ಲಿ ಕಳೆ ತೆಗೆಯುವ ಕೆಲಸವಿತ್ತು. ಆ ವರ್ಷ ಅಲ್ಲಿ ಬೀಟೆ ಸಸಿಗಳು ಧಾರಾಳವಾಗಿ ಎದ್ದಿದ್ದವು. ಒಂದನ್ನೂ ಮುಟ್ಟಕೂಡದು ಎಂದು ಮೇಸ್ತ್ರಿಗೆ ಹೇಳಿ, ಪ್ರತಿ ಸಸಿಯ ಪಕ್ಕ ಗೂಟ ಹೊಡೆಸಿ, ಗುರುತಿಗೆ ಹಳೇ ಸೀರೆಯ ಚೂರು ಕಟ್ಟಿಸಿದೆ. ಸುದ್ದಿ ಕೇಳಿದ ಗಂಡ ಕತ್ತಿ ಹಿಡಿದೇ ಇಳಿದು ಬಂದರು. ಸದಾ ತಮಾಷೆ ಮಾಡುವ ಮನುಷ್ಯ, ಅವತ್ತು ಮುಖದಲ್ಲಿ ನಗುವಿರಲಿಲ್ಲ.

“ನಿಂಗೇನು ತಲೆ ಕೆಟ್ಟಿದ್ಯಾ ಮಾರಾಯ್ತಿ? ಇಲ್ಲಿ ಸಿಲ್ವರ್ ಹಾಕಿದ್ರೆ ಮಕ್ಳ ಕಾಲಕ್ಕಾದ್ರೂ ಆಗ್ತದೆ. ಇದನ್ನ ಸಾಕಿದ್ರೆ ಕೊನೆಗೆ ಸರ್ಕಾರ ಬಂದು ನಂದು ಅಂತದೆ.”

“ಅನ್ಲಿ.”

“ಅನ್ಲಿ ಅಂದ್ರೆ?”

ನಾನು ಸಸಿಗೆ ಅಡ್ಡ ನಿಂತೆ. “ಅವತ್ತು ನಾನು ‘ಅಲ್ಲ, ನಂದು’ ಅಂತೀನಿ. ಹಂಗೆ ಜಗಳ ಆಡ್ಬೇಕಾದ್ರೆ ಮರ ಇರ್ಬೇಕಲ್ರೀ! ಇವತ್ತೇ ಕಿತ್ತು ಬಿಸಾಕಿದ್ರೆ ಯಾವುದನ್ನ ನಂದು ಅನ್ಲಿ?”

ಅವರು ಗೊಣಗುತ್ತಾ ಮನೆ ಕಡೆ ಹತ್ತಿದರು. ಆ ಪಟ್ಟಿಗೆ ಸಿಲ್ವರ್ ಬರಲಿಲ್ಲ. ಆ ಬೀಟೆಗಳು ಈಗ ನನ್ನ ತಲೆಗಿಂತ ಎಷ್ಟೋ ಎತ್ತರ ಬೆಳೆದಿವೆ. ಯಾರು ಬಂದು ನಂದು ಎನ್ನುತ್ತಾರೋ ಬರಲಿ, ನಾನಿಲ್ಲೇ ಇದ್ದೇನೆ.