ಚರ್ಚಿನ ಗೇಟು ಹಾಕಿದ್ದೆನೇ?

ಮಾತೆ ಮರಿಯಮ್ಮನ ಜನ್ಮದಿನಕ್ಕೆ ನಮ್ಮಲ್ಲಿ ತೆನೆ ಹಬ್ಬ. ಪೂಜೆಯಲ್ಲಿ ಹೊಸ ಭತ್ತದ ತೆನೆಗಳನ್ನು ಫಾದರ್ ಆಶೀರ್ವದಿಸಿ ಮನೆಗೊಂದರಂತೆ ಹಂಚುತ್ತಾರೆ. ಅದರ ಕಾಳು ಸುಲಿದು ಆ ದಿನದ ಪಾಯಸಕ್ಕೆ ಹಾಕಬೇಕು. ಶಿಕಾರಿಪುರದ ನಮ್ಮ ಪುಟ್ಟ ಚರ್ಚಿಗೆ ತೆನೆ ತರುವ ಕೆಲಸ ಅಮ್ಮನದು. ನಮ್ಮ ಸುತ್ತ ಎಲ್ಲಿ ನೋಡಿದರೂ ಮೆಕ್ಕೆಜೋಳ. ಹಾಗಾಗಿ ಅವಳು ಬಸ್ಸು ಹತ್ತಿ ಸೊರಬದ ಕಡೆಯ ಕುಪ್ಪಗಡ್ಡೆಗೆ ಹೋಗಿ, ಪರಿಚಯದ ಗೌಡರೊಬ್ಬರ ಗದ್ದೆಯಿಂದ ತರುತ್ತಿದ್ದಳು. ಒಂದು ವರ್ಷವೂ ತಪ್ಪಿಸಿದವಳಲ್ಲ. ಆ ವರ್ಷ ಮಂಡಿನೋವು, ನನ್ನನ್ನು ಕಳಿಸಬೇಕಾಯಿತು.

"ನೀನು ಇದನ್ನೆಲ್ಲ ನಂಬಲ್ಲ ಅಂತ ಗೊತ್ತು. ತೆನೆ ಮಾತ್ರ ಸರಿಯಾಗಿ ತಲುಪಿಸು. ಇಷ್ಟು ವರ್ಷದ ನನ್ನ ಮರ್ಯಾದೆ."

ಗೌಡರು ಬೋರಿನ ನೀರಿಗೆ ಮೊದಲೇ ನಾಟಿ ಮಾಡಿದ್ದ ಒಂದು ಮೂಲೆ ತೋರಿಸಿದರು. "ಉಳಿದದ್ದು ಇನ್ನೂ ತೆನೆ ಬಿಟ್ಟಿಲ್ಲ ಮಾರಾಯ್ರೆ. ಇದು ನಿಮ್ಮ ಹಬ್ಬಕ್ಕೇ ಅಂತ ಪ್ರತಿ ವರ್ಷ ಮುಂಚೆ ನೆಡೋದು." ಶಿವಪೂಜೆ ಮಾಡುವ ಮನುಷ್ಯ ನಮ್ಮ ಹಬ್ಬದ ಲೆಕ್ಕ ಇಟ್ಟುಕೊಂಡು ನಾಟಿ ಮಾಡುವುದು ನನಗೆ ತಮಾಷೆಯಾಗಿ ಕಂಡಿತು.

ಬೈಕಿಗೆ ಕಟ್ಟಿಕೊಂಡು ಚರ್ಚಿಗೆ ಬಂದಾಗ ಪೂಜೆಗೆ ಇನ್ನೂ ಅರ್ಧ ಗಂಟೆಯಿತ್ತು. ಚರ್ಚು ಗುಡಿಸಿ ಒರೆಸುವ ಅಜ್ಜಿ ಬಾಗಿಲಲ್ಲೇ ತಡೆದಳು.

"ನೆಲ ಒದ್ದೆ ಐತಿ ಮೇಷ್ಟ್ರೇ. ಕಟ್ಟು ಬೈಕ್ ಮ್ಯಾಲೇ ಇರ್ಲಿ."

ಅವಳು ಒರೆಸುತ್ತಿದ್ದಳು, ನಾನು ಬಾಗಿಲಿಗೆ ಒರಗಿ ಉಪದೇಶ ಶುರುಮಾಡಿದೆ. ವಿಶ್ವವಿದ್ಯಾಲಯದಲ್ಲಿ ಓದಿದ್ದನ್ನು ಕೇಳುವವರು ಸಿಕ್ಕರೆ ಬಿಡುವುದಿಲ್ಲ, ಅದು ನನ್ನ ಚಾಳಿ. ಫಾದರ್ ನೀರು ಚಿಮುಕಿಸಿದ ತೆನೆಗೂ ಗದ್ದೆಯಲ್ಲಿರುವ ತೆನೆಗೂ ವ್ಯತ್ಯಾಸವೇನು? ಕಣ್ಣಾರೆ ಕಂಡದ್ದನ್ನಷ್ಟೇ ನಾನು ಒಪ್ಪುವುದು, ಎಂದೆ.

ಅಜ್ಜಿ ಬಟ್ಟೆ ಹಿಂಡಿದಳು. "ಅದಿರ್ಲಿ. ಗೇಟ್ ಹಾಕಿ ಬಂದ್ರಾ?"

"ಹಾಕಿದೆ."

"ಚಿಲಕ ಬಿದ್ದಿದ್ ನೋಡಿದ್ರಾ?"

"ನೋಡೋದೇನು, ಹಾಕಿದ್ದು ಚೆನ್ನಾಗಿ ನೆನಪಿದೆ."

"ಹಂಗಾರೆ ನಿಮಗೂ ಒಂದೀಟು ನಂಬಿಕೆ ಐತಿ ಬಿಡ್ರಿ," ಎಂದು ನಕ್ಕಳು. ನಕ್ಕವಳು ನನ್ನ ಬೆನ್ನಾಚೆ ನೋಡಿ ಒದ್ದೆ ಬಟ್ಟೆ ಬೀಸುತ್ತ ಓಡಿದಳು.

ಹಸುವೊಂದು ನನ್ನ ಬೈಕಿನ ಪಕ್ಕ ನಿಂತು ನಿಧಾನವಾಗಿ ತೆನೆ ಮೆಲ್ಲುತ್ತಿತ್ತು. ಗೇಟು ಪೂರ್ತಿ ತೆರೆದಿತ್ತು. ಕೆಂದು ಬಣ್ಣದ ಹಸು ಎಂದು ನನ್ನ ನೆನಪು. ಕಪ್ಪು ಹಸು ಎಂದು ಅಜ್ಜಿ ಇವತ್ತಿಗೂ ಹೇಳುತ್ತಾಳೆ. ಈಗ ನಾನು ವಾದ ಮಾಡುವುದಿಲ್ಲ.

ಹಗ್ಗದಡಿ ಸಿಕ್ಕಿಕೊಂಡಿದ್ದ ಮೂರು ತೆನೆ ಉಳಿದಿದ್ದವು. ಮನೆಗಳು ಮೂವತ್ತಕ್ಕೂ ಮೇಲೆ. ಇನ್ನೊಮ್ಮೆ ಕುಪ್ಪಗಡ್ಡೆಗೆ ಹೋಗಿಬರಲು ಸಮಯವಿರಲಿಲ್ಲ. ಅಷ್ಟರಲ್ಲಿ ಅಮ್ಮ ಆಟೊದಿಂದ ಇಳಿಯುತ್ತಿರುವುದು ಕಂಡಿತು.

ಅಜ್ಜಿ ಆ ಮೂರನ್ನು ಸೆರಗಿನಲ್ಲಿ ಒರೆಸಿ ಸ್ಟೀಲ್ ತಟ್ಟೆಯಲ್ಲಿಟ್ಟು ಫಾದರ್‌ಗೆ ತೋರಿಸಿದಳು. "ಮನಿಗೊಂದು ಕಾಳು ಕೊಡ್ರಿ. ಪಾಯಸದಾಗೆ ಯಾರು ಎಣಸ್ತಾರೆ?"

ಫಾದರ್ ನಗು ತಡೆದುಕೊಂಡು ನನ್ನ ಕಡೆ ತಿರುಗಿದರು. "ಆಗಲಿ. ಆದರೆ ಏನಾಯ್ತು ಅಂತ ಜನರಿಗೆ ನೀವೇ ಹೇಳಬೇಕು."

ಸದಾ ಕೊನೆಯ ಬೆಂಚಿನಲ್ಲಿ ಕೂರುವ ನಾನು ಮೊದಲ ಸಲ ಆ ಮೈಕಿನ ಮುಂದೆ ನಿಂತೆ. ತರಗತಿಯಲ್ಲಿ ಒಂದು ಗಂಟೆ ಮಾತಾಡುವವನಿಗೆ ನಾಲ್ಕು ವಾಕ್ಯ ಸಾಕಾಯಿತು. "ಗೇಟು ಹಾಕಿದ್ದೇನೆ ಅಂದುಕೊಂಡಿದ್ದೆ. ಹಾಕಿರಲಿಲ್ಲ. ತೆನೆಯನ್ನು ಹಸು ತಿಂದಿತು. ತಪ್ಪು ನನ್ನದು, ಅಮ್ಮನದಲ್ಲ."

ಗಂಡಸರ ಸಾಲಿನಿಂದ ಯಾರೋ ಕೇಳಿದರು: "ಹಸುಗೆ ಪಾಯಸ ಬ್ಯಾಡೇನ್ರಿ ಮೇಷ್ಟ್ರೇ?"

ಮೊದಲು ನಕ್ಕವಳು ಅಮ್ಮ. ಆಮೇಲೆ ಇಡೀ ಚರ್ಚು. ಜನ ಸಾಲಾಗಿ ಬಂದು ಅಂಗೈ ಒಡ್ಡಿದರು, ಒಂದೊಂದೇ ಕಾಳು ಪಡೆದು ಮುಷ್ಟಿ ಮುಚ್ಚಿಕೊಂಡು ಹೋದರು. ಒಬ್ಬರೂ ಕಡಿಮೆಯಾಯಿತು ಎನ್ನಲಿಲ್ಲ. ನಾನೂ ಕೈ ಒಡ್ಡಿದೆ.

ಮನೆಗೆ ಬಂದು ಆ ಕಾಳನ್ನು ಉಗುರಿನಿಂದ ಸುಲಿದೆ. ಅಮ್ಮ ಅದನ್ನು ಕುದಿಯುವ ಪಾಯಸಕ್ಕೆ ಹಾಕಿ ಕಲಕಿದಳು. ಊಟಕ್ಕೆ ಕೂತಾಗ ನಾನು ಪ್ರತಿ ಚಮಚವನ್ನೂ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದೆ.

"ಏನೋ ಅದು?"

"ಕಾಳು ಯಾರಿಗೆ ಬಂತು ಅಂತ ನೋಡ್ತಿದೀನಿ."

"ಹುಡುಕ್ತಾ ಕೂತ್ರೆ ಆರಿಹೋಗುತ್ತೆ, ತಿನ್ನು," ಎಂದಳು ಅಮ್ಮ. "ಮುಂದಿನ ವರ್ಷವೂ ನೀನೇ ತರ್ಬೇಕು."

ತಿಂದೆ.